ಫ್ರಿಜ್ಜಿಗೆ ಹೋದ ಬೋಬಾ ಯಾಕೆ ಕಲ್ಲಾಗುತ್ತದೆ?

ಬಬಲ್ ಟೀ ಅಂದರೆ ತಳದಲ್ಲಿ ಬೋಬಾ ಅನ್ನುವ ಜಗಿಯುವ ಮಣಿಗಳಿರುವ ತಣ್ಣನೆ ಹಾಲಿನ ಟೀ. ಅದನ್ನು ಮನೆಯಲ್ಲಿ ಮಾಡಿದವರ ದೂರು ಹೆಚ್ಚುಕಮ್ಮಿ ಒಂದೇ. ಸಂಜೆ ಬೇಯಿಸಿದಾಗ ಬೋಬಾ ಮಣಿಗಳು ಚೆನ್ನಾಗಿದ್ದವು, ಹಲ್ಲಿಗೆ ಸಿಕ್ಕರೆ ಮೆತ್ತಗೆ ಬಾಗಿ ಮತ್ತೆ ಪುಟಿಯುತ್ತಿದ್ದವು. ಉಳಿದದ್ದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರು. ಬೆಳಗ್ಗೆ ನೋಡಿದರೆ ಕಲ್ಲು. ಹೊಳಪು ಹೋಗಿದೆ, ಕಚ್ಚಿದರೆ ಒಳಗೆ ಹಿಟ್ಟು ಹಿಟ್ಟು. 'ಫ್ರಿಜ್ಜಿನಲ್ಲಿ ಒಣಗಿಹೋಯಿತು' ಅಂತ ಎಲ್ಲರೂ ಹೇಳುತ್ತಾರೆ. ಒಣಗಿದ್ದಲ್ಲ. ನಂಬಿಕೆ ಬರದಿದ್ದರೆ ಬೆಂದ ಮಣಿಗಳನ್ನು ನೀರಿನಲ್ಲೇ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ನಾನು ಇಟ್ಟು ನೋಡಿದ್ದೇನೆ. ಮೇಲೆ ಲೋಳೆ ಲೋಳೆ, ಒಳಗೆ ಅದೇ ಗಟ್ಟಿ. ನೀರಲ್ಲೇ ಇದ್ದದ್ದು ಒಣಗುವುದು ಹೇಗೆ?

ಬ್ರೆಡ್ಡಿನ ವಿಷಯದಲ್ಲಿ ಇದೇ ಪ್ರಶ್ನೆಯನ್ನು 1852ರಲ್ಲೇ ಒಬ್ಬರು ಎತ್ತಿದ್ದರು. ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸಾಂಗೋ. ಬ್ರೆಡ್ಡು ಹಳತಾಗಿ ಗಟ್ಟಿಯಾಗುವುದು ನೀರು ಆರಿದ್ದರಿಂದ ಅಂತ ಆಗ ಎಲ್ಲರೂ ನಂಬಿದ್ದರು. ಬೂಸಾಂಗೋ ನೀರು ಹೊರಗೆ ಹೋಗದ ಹಾಗೆ ಬ್ರೆಡ್ಡನ್ನು ಮುಚ್ಚಿಟ್ಟರು. ಆದರೂ ಅದು ಗಟ್ಟಿಯಾಯಿತು. ಗಟ್ಟಿಯಾದದ್ದನ್ನು ಮತ್ತೆ ಬಿಸಿ ಮಾಡಿದರೆ ಮೆತ್ತಗಾಯಿತು! ನೀರು ಒಂದು ಹನಿಯೂ ಸೇರಿಸದೆ. ಅಂದರೆ ನೀರು ಎಲ್ಲಿಗೂ ಹೋಗಿರಲಿಲ್ಲ. ಬದಲಾಗಿದ್ದು ಒಳಗಿನ ಪಿಷ್ಟದ ಜೋಡಣೆ. 1920ರ ದಶಕದಲ್ಲಿ ಡಚ್ ವಿಜ್ಞಾನಿ ಕಾಟ್ಸ್ ಎಕ್ಸ್‌ರೇ ಹಾಯಿಸಿ ನೋಡಿದಾಗ, ಹಳೆ ಬ್ರೆಡ್ಡಿನಲ್ಲಿ ಹರಳಿನಂಥ ಸಾಲುಗಳು ಮತ್ತೆ ಮೂಡಿರುವುದು ಕಂಡಿತು. ಬೋಬಾ ಮಣಿಯೊಳಗೆ ನಡೆಯುವುದೂ ಅದೇ.

ಬೋಬಾ ಮಣಿ ಅಂದರೆ ಮರಗೆಣಸಿನ ಪಿಷ್ಟ, ಅಷ್ಟೇ. ಸಬ್ಬಕ್ಕಿಯ ದೊಡ್ಡಣ್ಣ ಅಂದುಕೊಳ್ಳಿ. ಪಿಷ್ಟದ ಒಂದೊಂದು ಕಣದೊಳಗೂ ಎರಡು ಬಗೆಯ ಎಳೆಗಳಿವೆ. ಅಮೈಲೋಸ್ ಅನ್ನುವುದು ಉದ್ದನೆಯ ನೂಲು. ಅಮೈಲೋಪೆಕ್ಟಿನ್ ಅನ್ನುವುದು ಕವಲು ಕವಲಾಗಿ ಒಡೆದ ಪೊದೆ. ಮರಗೆಣಸಿನ ಪಿಷ್ಟದಲ್ಲಿ ನೂಲು ಐದರಲ್ಲಿ ಒಂದು ಪಾಲಿನಷ್ಟು ಇರುತ್ತದೆ, ಮಿಕ್ಕಿದ್ದೆಲ್ಲ ಪೊದೆ. ಮೆಕ್ಕೆಜೋಳದ ಪಿಷ್ಟದಲ್ಲಿ ನೂಲಿನ ಪಾಲು ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕೇ ಕಾರ್ನ್‌ಫ್ಲೋರ್ ಗಂಜಿ ತಣ್ಣಗಾದರೆ ಬೆಳ್ಳಗೆ, ಕತ್ತರಿಸಿದ ಹಾಗೆ ತುಂಡಾಗುತ್ತದೆ. ಮರಗೆಣಸಿನದು ಗಾಜಿನಂತೆ ತಿಳಿಯಾಗಿ, ಎಳೆದರೆ ಹಿಗ್ಗುವಂತೆ ಇರುತ್ತದೆ. ಬೋಬಾಕ್ಕೆ ಈ ಹಿಟ್ಟೇ ಬೇಕು ಅನ್ನುವುದು ಇದೇ ಕಾರಣಕ್ಕೆ.

ಹಸಿ ಹಿಟ್ಟಿನಲ್ಲಿ ಈ ಎಳೆಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ, ಒತ್ತೊತ್ತಾಗಿ ಸಾಲಾಗಿ ನಿಂತಿರುತ್ತವೆ. ನಡುವೆ ನೀರಿಗೆ ಜಾಗವೇ ಇಲ್ಲ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದಾಗ ಗಂಟೆ ಹೊಡೆದ ಹಾಗೆ. ಸಾಲು ಚದುರುತ್ತದೆ, ಎಲ್ಲರೂ ದಿಕ್ಕಾಪಾಲಾಗಿ ಓಡುತ್ತಾರೆ, ಆ ಸಂದಿಯಲ್ಲಿ ನೀರು ನುಗ್ಗುತ್ತದೆ. ಕಣ ಉಬ್ಬುತ್ತದೆ, ಪಾರದರ್ಶಕವಾಗುತ್ತದೆ. ಇದೇ ಪಿಷ್ಟ ಗಂಜಿಯಾಗುವುದು. ಆಟ ಮುಗಿದು ತಣ್ಣಗಾದಾಗ ಮಕ್ಕಳು ಅಕ್ಕಪಕ್ಕದವರ ಕೈ ಹಿಡಿದು ಮತ್ತೆ ಸಾಲು ಕಟ್ಟಲು ಶುರು ಮಾಡುತ್ತಾರೆ. ಮೊದಲಿನಷ್ಟು ಅಚ್ಚುಕಟ್ಟಾದ ಸಾಲಲ್ಲ, ಅಲ್ಲಲ್ಲಿ ಇಬ್ಬರು, ಅಲ್ಲಲ್ಲಿ ಹತ್ತು ಜನ. ಬ್ಯಾಗಿನ ಜಿಪ್ ನೆನಪಿಸಿಕೊಳ್ಳಿ. ಒಂದು ಹಲ್ಲು ಕೂಡಿದರೆ ಪಕ್ಕದ ಹಲ್ಲು ತಾನಾಗಿ ಕೂಡುತ್ತದೆ, ಎಳೆಗಳೂ ಹಾಗೇ ಕೂಡುತ್ತಾ ಹೋಗುತ್ತವೆ. ಜಿಪ್ ಮುಚ್ಚಿದ ಕಡೆ ನೀರಿಗೆ ಜಾಗ ಇಲ್ಲ. ಅದು ಮಣಿಯೊಳಗೇ ಬೇರೆ ಸಂದಿಗೆ ಸರಿಯುತ್ತದೆ, ಸ್ವಲ್ಪ ಹೊರಗೂ ಒಸರುತ್ತದೆ. ವಿಜ್ಞಾನಿಗಳು ಇದನ್ನು ರೆಟ್ರೋಗ್ರೇಡೇಶನ್ ಅನ್ನುತ್ತಾರೆ, ಅಂದರೆ ಬಂದ ದಾರಿಗೆ ಹಿಂದಿರುಗುವುದು. ಬೆಂದ ಪಿಷ್ಟ ಮತ್ತೆ ಹಸಿ ಪಿಷ್ಟದ ಕಡೆಗೆ ನಡೆಯುತ್ತಿದೆ! ಈ ವಿಷಯ ಮೊದಲು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಫ್ರಿಜ್ಜೇ ಯಾಕೆ ಎಲ್ಲಕ್ಕಿಂತ ಕೆಟ್ಟ ಜಾಗ? ಸಾಲು ಕಟ್ಟಲು ಎರಡು ಬೇಕು. ಸಾಲು ಶುರುವಾಗಬೇಕು, ಅದಕ್ಕೆ ತಂಪು ಬೇಕು. ಎಳೆಗಳು ಓಡಾಡಿ ಸಾಲು ಸೇರಬೇಕು, ಅದಕ್ಕೆ ಅಷ್ಟೋ ಇಷ್ಟೋ ಬಿಸಿ ಬೇಕು. ಬಿಸಿ ಸಕ್ಕರೆ ಪಾಕದಲ್ಲಿ ಓಡಾಟ ಇದೆ, ಆದರೆ ಯಾರೂ ಒಂದು ಕಡೆ ನಿಲ್ಲುವುದಿಲ್ಲ. ಫ್ರೀಜರಿನ ಮೈನಸ್ 18ರಲ್ಲಿ ನಿಲ್ಲುವ ಮನಸ್ಸಿದೆ, ಓಡಾಟವೇ ಇಲ್ಲ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಎರಡೂ ಇವೆ. ಆಹಾರ ಕೆಡದಿರಲಿ ಅಂತ ನಾವು ಆರಿಸಿದ ಉಷ್ಣತೆ, ಪಿಷ್ಟ ಗಟ್ಟಿಯಾಗುವುದಕ್ಕೆ ಹೇಳಿ ಮಾಡಿಸಿದ ಉಷ್ಣತೆಯೂ ಹೌದು. ಬ್ರೆಡ್ಡು ಹೊರಗಿಟ್ಟದ್ದಕ್ಕಿಂತ ಫ್ರಿಜ್ಜಿನಲ್ಲಿ ಬೇಗ ಗಟ್ಟಿಯಾಗುವುದೂ ಇದಕ್ಕೇ. ಹಾಗಾಗಿ ಮಾಡಿಟ್ಟುಕೊಳ್ಳಬೇಕು ಅಂದರೆ ಮಣಿಗಳನ್ನು ಬೇಯಿಸದೆ, ಹಿಟ್ಟು ಉದುರಿಸಿ ಫ್ರೀಜರಿನಲ್ಲಿಡಿ. ಬೇಕಾದಾಗ ಕರಗಿಸದೆ ಹಾಗೇ ಕುದಿಯುವ ನೀರಿಗೆ ಹಾಕಿ.

ಗಟ್ಟಿಯಾದದ್ದನ್ನು ಬಿಸಾಡಬೇಕಿಲ್ಲ. ಪೊದೆಗಳು ಕಟ್ಟಿದ ಸಾಲು 50, 60 ಡಿಗ್ರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಬಿಸಿ ಪಾಕದಲ್ಲಿ ಎರಡು ನಿಮಿಷ ಕುದಿಸಿದರೆ ಮಣಿ ಬಹುಪಾಲು ಮೆತ್ತಗಾಗುತ್ತದೆ. ಪೂರ್ತಿ ಮೊದಲಿನಂತೆ ಆಗುವುದಿಲ್ಲ, ಯಾಕೆಂದರೆ ನೂಲುಗಳು ಕಟ್ಟಿದ ಗಂಟು ಬಿಚ್ಚಲು 100 ಡಿಗ್ರಿಗಿಂತ ಮೇಲೆ ಬೇಕು, ಪಾತ್ರೆಯಲ್ಲಿ ಕುದಿಯುವ ನೀರಿಗೆ ಅದು ಸಾಧ್ಯವಿಲ್ಲ. ಬೆಂದ ಮಣಿಗಳನ್ನು ಪಾಕದಲ್ಲಿ ನೆನೆಸಿಡುವುದು ಸಿಹಿಗಾಗಿ ಮಾತ್ರ ಅಲ್ಲ. ಸಕ್ಕರೆ ಎಳೆಗಳ ನಡುವೆ ಕೂತು, ನೀರನ್ನೂ ಹಿಡಿದಿಟ್ಟುಕೊಂಡು, ಸಾಲು ಕಟ್ಟುವುದನ್ನು ತಡ ಮಾಡುತ್ತದೆ.

ಮಾಡುವ ವಿಧಾನದಲ್ಲೂ ಇದೇ ಗುಟ್ಟು. 100 ಗ್ರಾಂ ಟ್ಯಾಪಿಯೋಕಾ ಹಿಟ್ಟಿಗೆ (ಮರಗೆಣಸಿನ ಪಿಷ್ಟದ್ದೇ ಇನ್ನೊಂದು ಹೆಸರು) ಸುಮಾರು 60 ಮಿಲಿಲೀಟರ್ ನೀರು, 40 ಗ್ರಾಂ ಕಂದು ಸಕ್ಕರೆ. ನೀರು ಮತ್ತು ಸಕ್ಕರೆ ಕುದಿಯುತ್ತಿರುವಾಗಲೇ ಹಿಟ್ಟಿಗೆ ಸುರಿಯಬೇಕು. 'ಬೆಚ್ಚಗಿದ್ದರೆ ಸಾಕು' ಅನ್ನುವವರ ಮಾತು ಕೇಳಬೇಡಿ. ತಣ್ಣೀರು ಹಾಕಿದರೆ ಒಂದು ವಿಚಿತ್ರ ವಸ್ತು ಸಿಗುತ್ತದೆ. ಗುದ್ದಿದರೆ ಗಟ್ಟಿ, ಸುಮ್ನೆ ಬಿಟ್ಟರೆ ಬೆರಳ ಸಂದಿಯಿಂದ ಹರಿದುಹೋಗುತ್ತದೆ. ಹಸಿ ಕಣಗಳು ಒಂದಕ್ಕೊಂದು ಅಂಟಿರುವುದಿಲ್ಲ, ಬರೀ ಒತ್ತಿಕೊಂಡಿರುತ್ತವೆ. ಕುದಿ ಬಿದ್ದಾಗ ಒಂದಷ್ಟು ಕಣಗಳು ಗಂಜಿಯಾಗಿ ಮಿಕ್ಕ ಹಸಿ ಕಣಗಳಿಗೆ ಅಂಟಾಗುತ್ತವೆ, ಇಟ್ಟಿಗೆಗಳ ನಡುವಿನ ಗಾರೆಯಂತೆ. ಬೇಯಿಸುವಾಗಲೂ ಅಷ್ಟೇ, ನೀರು ಕೊತಕೊತ ಕುದಿಯುತ್ತಿರಬೇಕು. ಆಗ ಮಣಿಯ ಮೇಲ್ಪದರ ಕ್ಷಣದಲ್ಲಿ ಗಂಜಿಯಾಗಿ ಚರ್ಮದಂತೆ ಮುಚ್ಚಿಕೊಳ್ಳುತ್ತದೆ. ತಣ್ಣೀರಿಗೆ ಹಾಕಿದ ಮಣಿ ಕರಗಿ ಹಾಲಿನಂತಾಗುತ್ತದೆ.

ಎಷ್ಟು ಹೊತ್ತು ಬೇಯಿಸಬೇಕು ಅನ್ನುವುದು ಗಾತ್ರದ ಮೇಲೆ. ಶಾಖ ನಡುವಿನ ತನಕ ಕೆಲವೇ ನಿಮಿಷದಲ್ಲಿ ತಲುಪುತ್ತದೆ, ನೀರು ಮಾತ್ರ ನಿಧಾನಕ್ಕೆ ತೆವಳುತ್ತದೆ. ಮಣಿ ಎರಡು ಪಟ್ಟು ದಪ್ಪವಾದರೆ ಸಮಯ ಎರಡಲ್ಲ, ನಾಲ್ಕು ಪಟ್ಟು ಬೇಕು. 8, 10 ಮಿಲಿಮೀಟರಿನ ಮಣಿಗೆ ಅರ್ಧ ಗಂಟೆ ಕುದಿ, ಆಮೇಲೆ ಒಲೆ ಆರಿಸಿ ಮುಚ್ಚಿ ಇನ್ನೊಂದು ಅರ್ಧ ಗಂಟೆ. ಒಂದು ಮಣಿ ಕತ್ತರಿಸಿ ನೋಡಿ. ನಡುವೆ ಬಿಳಿ ಚುಕ್ಕೆ ಇದ್ದರೆ ಅಲ್ಲಿನ ಸಾಲು ಇನ್ನೂ ಚದುರಿಲ್ಲ ಅಂತ ಅರ್ಥ.

ಈಗ ನನಗೆ ಬೇಸರ ತರುವ ವಿಷಯಕ್ಕೆ ಬರುತ್ತೇನೆ. ಬೋಬಾ ಅಂದರೆ ರಬ್ಬರ್, ಪ್ಲಾಸ್ಟಿಕ್, ಹೊಟ್ಟೆಯಲ್ಲಿ ಕರಗದೆ ಹಾಗೇ ಉಳಿಯುತ್ತದೆ ಅಂತ ಮೊಬೈಲಿನಿಂದ ಮೊಬೈಲಿಗೆ ಓಡಾಡುವ ಸಂದೇಶಗಳು. ಕಳಿಸುವವರು ಒಳ್ಳೆ ಮನಸ್ಸಿನಿಂದಲೇ ಕಳಿಸುತ್ತಾರೆ, ಆದರೆ ಪರೀಕ್ಷೆ ಮಾಡಿ ನೋಡುವುದು ಇಷ್ಟು ಸುಲಭ ಇರುವಾಗ ಹೆದರಿಕೆ ಹಂಚುವುದು ಯಾಕೆ? ಸಿಹಿ ಹಾಕದ ಬಿಳಿ ಮಣಿಯನ್ನು ಬೇಯಿಸಿ ಜಜ್ಜಿ, ಅದರ ಮೇಲೆ ಒಂದು ಹನಿ ಅಯೋಡಿನ್ ಟಿಂಚರ್ ಹಾಕಿ. ಕಡು ನೀಲಿಯಾದರೆ ಅದು ಪಿಷ್ಟ. 1814ರಿಂದ ಗೊತ್ತಿರುವ ಪರೀಕ್ಷೆ ಇದು. ಅಮೈಲೋಸ್ ನೂಲು ಸ್ಪ್ರಿಂಗಿನಂತೆ ಸುತ್ತಿಕೊಂಡು ಅಯೋಡಿನ್ನನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಅದರಿಂದ ಆ ಬಣ್ಣ. ರಬ್ಬರಿನಲ್ಲಿ ಅಂಥ ನೂಲು ಇಲ್ಲ. ಟಿಂಚರ್ ಹಾಕಿದ್ದನ್ನು ಮಾತ್ರ ತಿನ್ನಬೇಡಿ. ಇನ್ನೊಂದು ಮಣಿಯನ್ನು ಜಜ್ಜಿ ಲೋಟಕ್ಕೆ ಹಾಕಿ, ಸ್ವಲ್ಪ ಎಂಜಲು ಬೆರೆಸಿ ಬಿಡಿ. ಸ್ವಲ್ಪ ಹೊತ್ತಿಗೆ ನೀರಾಗಲು ಶುರುವಾಗುತ್ತದೆ. ಎಂಜಲಿನ ಅಮೈಲೇಸ್ ಅನ್ನುವ ಕಿಣ್ವ ಎಳೆಗಳನ್ನು ಕತ್ತರಿಸುತ್ತಿದೆ. ಹೊಟ್ಟೆಯಲ್ಲಿ ಮಣಿ ಕರಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಕಾ?

ಆದರೆ ಎಲ್ಲ ಭಯವೂ ಸುಳ್ಳಲ್ಲ. 2013ರಲ್ಲಿ ತೈವಾನಿನಲ್ಲಿ ಆಹಾರಕ್ಕೆ ಅನುಮತಿ ಇಲ್ಲದ ಮಲೇಯಿಕ್ ಆಮ್ಲದ ರಾಸಾಯನಿಕ ಬೆರೆಸಿ ಬದಲಾಯಿಸಿದ ಪಿಷ್ಟ ಬೋಬಾದಲ್ಲೂ ಬೇರೆ ತಿನಿಸುಗಳಲ್ಲೂ ಪತ್ತೆಯಾಯಿತು. ಅದನ್ನು ಬಳಸಿದ್ದು ಆ ಪುಟಿಯುವ ಜಗಿತಕ್ಕಾಗಿಯೇ. ಅನುಮತಿ ಇರುವ ದಾರಿಗಳೂ ಇವೆ. ಎಳೆಗಳ ಮೇಲೆ ಅಲ್ಲಲ್ಲಿ ಚಿಕ್ಕ ಅಣುಗುಂಪು ಅಂಟಿಸುತ್ತಾರೆ, ಆಗ ಜಿಪ್ಪಿನ ಹಲ್ಲಿಗೆ ಮರಳು ಸಿಕ್ಕ ಹಾಗೆ, ಕೂಡುವುದು ಕಷ್ಟವಾಗುತ್ತದೆ. ಪ್ಯಾಕೆಟ್ಟಿನ ಮೇಲೆ 'ಮಾರ್ಪಡಿಸಿದ ಪಿಷ್ಟ' ಅಂತ ಇರುವುದು ಇದೇ. ಇನ್ನೊಂದು ನಿಜವಾದ ಅಪಾಯ: ತುಂಬಾ ಚಿಕ್ಕ ಮಕ್ಕಳಿಗೆ ಈ ಮಣಿ ಕೊಡಬೇಡಿ, ದಪ್ಪ ಸ್ಟ್ರಾದಲ್ಲಿ ಎಳೆದಾಗ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ತೈವಾನಿನ ಮಾತು ಬಂತಲ್ವಾ. ಬಬಲ್ ಟೀ ಹುಟ್ಟಿದ್ದು ಅಲ್ಲೇ, 1980ರ ದಶಕದಲ್ಲಿ. ತೈಚುಂಗ್ ನಗರದ ಚುನ್ ಶುಯಿ ತಾಂಗ್ ಮತ್ತು ತೈನಾನ್ ನಗರದ ಹಾನ್ಲಿನ್, ಎರಡು ಟೀ ಮನೆಗಳೂ ಮೊದಲು ಮಾಡಿದ್ದು ನಾವೇ ಅನ್ನುತ್ತವೆ. ಸುಮಾರು 10 ವರ್ಷ ಕೋರ್ಟಿನಲ್ಲಿ ಜಗಳವಾಡಿದರು. ಯಾರು ಬೇಕಾದರೂ ಮಾಡಬಹುದಾದ ಪಾನೀಯ ಇದು, ಮೊದಲು ಯಾರು ಮಾಡಿದ್ದು ಅಂತ ತೀರ್ಮಾನಿಸುವ ಅಗತ್ಯವಿಲ್ಲ ಅಂತ 2019ರಲ್ಲಿ ಕೋರ್ಟು ಹೇಳಿತು. ನನಗೆ ಇಷ್ಟವಾದ ಸಂಗತಿ ಬೇರೆ. 'ಬಬಲ್' ಅನ್ನುವ ಹೆಸರು ಮೊದಲು ಬಂದದ್ದು ಈ ಮಣಿಗಳಿಂದಲ್ಲ, ಟೀಯನ್ನು ಐಸ್ ಜೊತೆ ಜೋರಾಗಿ ಕುಲುಕಿದಾಗ ಏಳುವ ನೊರೆಯಿಂದ. ಟೀ ಎಲೆಯಲ್ಲಿ ಸಾಬೂನಿನಂತೆ ನೊರೆ ಹಿಡಿದಿಡುವ ಸ್ಯಾಪೊನಿನ್ ಎಂಬ ಪದಾರ್ಥಗಳಿವೆ. ಮನೆಯಲ್ಲಿ ಮುಚ್ಚಳ ಬಿಗಿಯಾದ ಯಾವ ಬಾಟಲಿಯೂ ಆಗುತ್ತದೆ, ಆದರೆ ಬಿಸಿ ಟೀ ಹಾಕಿ ಕುಲುಕಬೇಡಿ, ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ಬಿಸಿ ಟೀಗೆ ಐಸ್ ಸುರಿಯಬಾರದು ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಒಂದು ಗ್ರಾಂ ಐಸ್ ಕರಗಲು 334 ಜೂಲ್ ಶಾಖ ಬೇಕು. ಅಷ್ಟೇ ಶಾಖ ಒಂದು ಗ್ರಾಂ ನೀರನ್ನು 0ಯಿಂದ 80 ಡಿಗ್ರಿಗೆ ಏರಿಸುತ್ತದೆ. ಈ ಅಡಗಿದ ಶಾಖವನ್ನು ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಅಳೆದು ತೋರಿಸಿದ್ದರು. ಐಸ್ ತಂಪು ಮಾಡುವುದು ಮುಖ್ಯವಾಗಿ ಕರಗಿಯೇ, ಆದ್ದರಿಂದ ತಂಪು ಬೇಕು ಅಂದರೆ ನೀರೂ ಸೇರುತ್ತದೆ. 80 ಡಿಗ್ರಿಯ 200 ಮಿಲಿಲೀಟರ್ ಟೀಯನ್ನು 5 ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ 175 ಗ್ರಾಂ ಐಸ್ ಕರಗಬೇಕು. ಕೊನೆಗೆ ಲೋಟದಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಐಸಿನ ನೀರೇ! ಅದೇ ಟೀಯನ್ನು ಮೊದಲು 30 ಡಿಗ್ರಿ ತನಕ ಆರಿಸಿದರೆ 60 ಗ್ರಾಂ ಸಾಕು. ಚಿಕ್ಕ ಐಸ್ ಜಾಸ್ತಿ ನೀರು ಮಾಡುತ್ತದೆ ಅನ್ನುವುದೂ ಅರ್ಧ ನಿಜ. ಒಂದೇ ಉಷ್ಣತೆಗೆ ಇಳಿಸಲು ಚಿಕ್ಕದೂ ದೊಡ್ಡದೂ ಕರಗುವುದು ಹೆಚ್ಚುಕಮ್ಮಿ ಅಷ್ಟೇ, ಚಿಕ್ಕದು ಬೇಗ ಮಾಡುತ್ತದೆ. ಮತ್ತೆ ನಾಲಿಗೆ ತಣ್ಣಗಿದ್ದಾಗ ಸಿಹಿ ಕಡಿಮೆ ಗೊತ್ತಾಗುತ್ತದೆ, ಹಾಗಾಗಿ ಬಿಸಿಯಾಗಿದ್ದಾಗ ಸರಿ ಅನಿಸಿದ ಸಕ್ಕರೆ ಐಸ್ ಬಿದ್ದ ಮೇಲೆ ಸಪ್ಪೆ ಅನಿಸಿದರೆ ಆಶ್ಚರ್ಯ ಬೇಡ.

ಈಗ ಲೋಟಕ್ಕೆ ಹಾಕುವ ಸರದಿ. ಟೀ ಗಟ್ಟಿಯಾಗಿ ಕುದಿಸಿ, ಆರಿಸಿ, ಹಾಲು ಮತ್ತು ಐಸ್ ಹಾಕಿ ಕುಲುಕಿ ಪಕ್ಕಕ್ಕಿಡಿ. ಮಣಿಗಳು ಆ ತನಕ ಬೆಚ್ಚಗಿನ ಪಾಕದಲ್ಲೇ ಇರಲಿ. ಕೊನೆಯ ಗಳಿಗೆಯಲ್ಲಿ ಮಣಿ ತಳಕ್ಕೆ, ಟೀ ಮೇಲಕ್ಕೆ. ತಣ್ಣನೆ ಟೀ ತಾಗಿದ ಕ್ಷಣದಿಂದ ಒಳಗೆ ಸಾಲು ಕಟ್ಟುವುದು ಶುರುವಾಗಿರುತ್ತದೆ. ಅರ್ಧ ಗಂಟೆಯೊಳಗೆ ಕುಡಿದು ಮುಗಿಸಿ.