ಬಸವನಹುಳುವಿಗೆ ಅಂಟುವಾಳ: ಹೊಂಡಕ್ಕೆ ಸುರಿಯುವ ಮುಂಚೆ ಲೆಕ್ಕ ಹಾಕಿ

"ಡಾಕ್ಟ್ರೇ, ಹೊಂಡದಲ್ಲಿ ಬಸವನಹುಳು ಜಾಸ್ತಿಯಾಗಿದೆ. ಅಂಟುವಾಳ ಅರೆದು ಹಾಕಿದ್ರೆ ಸಾಯುತ್ತಂತೆ, ಹೌದಾ?" ದನ ಸಾಕುವವರು ನನ್ನನ್ನು ಆಗಾಗ ಹೀಗೆ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಹಸು, ಎಮ್ಮೆ, ಕುರಿಗಳ ಲಿವರ್ ಹಾಳು ಮಾಡುವ ಚಪ್ಪಟೆ ಹುಳು ಬಸವನಹುಳು ಇಲ್ಲದೆ ಬೆಳೆಯಲಾರದು. ಸಗಣಿಯ ಜೊತೆ ನೀರು ಸೇರಿದ ಆ ಚಪ್ಪಟೆ ಹುಳುವಿನ ಮೊಟ್ಟೆಯಿಂದ ಹೊರಬಂದ ಮರಿ ಸುಮಾರು ಒಂದು ದಿನದೊಳಗೆ ತನಗೆ ಹೊಂದುವ ಬಸವನಹುಳುವಿನ ಮೈ ಸೇರಬೇಕು. ಸೇರಿದರೆ ಒಂದು ಹೋಗಿ ನೂರಾರು ಆಗುತ್ತದೆ. ಅವು ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತವೆ. ಅದನ್ನು ಮೇಯ್ದ ದನ ಸೊರಗುತ್ತದೆ, ಹಾಲು ಇಳಿಯುತ್ತದೆ, ದವಡೆಯ ಕೆಳಗೆ ನೀರು ತುಂಬಿ ಊದುತ್ತದೆ.

ಗಿಡದ ಮದ್ದು ಕೆಲಸ ಮಾಡುತ್ತದಾ? ಮಾಡುತ್ತದೆ. 1964ರಲ್ಲಿ ಇಥಿಯೋಪಿಯಾದ ಆಡ್ವಾದಲ್ಲಿ ವಿಜ್ಞಾನಿ ಅಕ್ಲಿಲು ಲೆಮ್ಮ ಮನುಷ್ಯರಿಗೆ ಬರುವ ಬಿಲ್ಹಾರ್ಜಿಯಾ ರೋಗದ ಮೇಲೆ ಕೆಲಸ ಮಾಡುತ್ತಿದ್ದರು. ಅದನ್ನು ಹರಡುವುದೂ ಬಸವನಹುಳುವೇ. ಹೆಂಗಸರು ಬಟ್ಟೆ ಒಗೆಯುವ ಜಾಗದ ಕೆಳಗೆ, ಹೊಳೆಯಲ್ಲಿ ಸತ್ತ ಬಸವನಹುಳುಗಳು ಅವರ ಕಣ್ಣಿಗೆ ಬಿದ್ದವು. ಅಲ್ಲಿ ಸೋಪಿನ ಬದಲು ಎಂಡೋಡ್ ಗಿಡದ ಕಾಯಿ ಬಳಸುತ್ತಿದ್ದರು. ಕೊಲ್ಲುತ್ತಿದ್ದದ್ದು ಅದರ ನೊರೆಯಲ್ಲಿದ್ದ ಸಪೋನಿನ್, ಅಂದರೆ ಸೋಪಿನಂತೆ ನೊರೆ ಬರಿಸುವ ಗಿಡದ ಅಂಶ. ಈ ಕೆಲಸಕ್ಕೆ ಲೆಮ್ಮ ಮತ್ತು ಅವರ ಸಹೋದ್ಯೋಗಿ ಲೆಗೆಸ್ಸೆ ವೋಲ್ಡೆ-ಯೋಹಾನ್ನೆಸ್ ಅವರಿಗೆ 1989ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಮ್ಮ ಅಂಟುವಾಳ ನೊರೆ ಬಿಡುವುದೂ ಸಪೋನಿನ್‌ನಿಂದಲೇ.

ತೊಡಕಿರುವುದು ಅಳತೆಯಲ್ಲಿ. ಲೀಟರ್ ನೀರಿಗೆ 100 ಮಿಲಿಗ್ರಾಂ ಒಳಗೆ ಕೊಲ್ಲುವ ಪುಡಿಯನ್ನು ಮಾತ್ರ ಉಪಯೋಗಕ್ಕೆ ಬರುವ ಗಿಡಮದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಆ ಅಳತೆಯಲ್ಲೇ ನೋಡಿ. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಕೃಷಿಹೊಂಡದಲ್ಲಿ ಹೆಚ್ಚೂಕಡಿಮೆ 3 ಲಕ್ಷ ಲೀಟರ್ ನೀರು. ಅದಕ್ಕೆ 30 ಕಿಲೋ ಪುಡಿ ಬೇಕು! ಒಂದು ಹಿಡಿ ಹಾಕಿ ಬಂದರೆ ಏನೂ ಆಗುವುದಿಲ್ಲ. ಅದೇ ಕೊಟ್ಟಿಗೆ ಪಕ್ಕ ನೀರು ನಿಂತ 10 ಮೀಟರ್ ಉದ್ದ, 1 ಮೀಟರ್ ಅಗಲ, 20 ಸೆಂಟಿಮೀಟರ್ ಆಳದ ಕಾಲುವೆಯಲ್ಲಿರುವುದು 2,000 ಲೀಟರ್. ಅದೇ ಲೆಕ್ಕದಲ್ಲಿ ಅಲ್ಲಿಗೆ 200 ಗ್ರಾಂ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಸಪೋನಿನ್ ಮೀನಿಗೂ ವಿಷ. ಗಿಡದ್ದು ಅಂದಮಾತ್ರಕ್ಕೆ ನಿರಪಾಯ ಅಲ್ಲ. ಮೀನಿರುವ ಹೊಂಡಕ್ಕೆ, ಊರಿನ ಕೆರೆಗೆ, ಹರಿಯುವ ಹಳ್ಳಕ್ಕೆ ದಯವಿಟ್ಟು ಹಾಕಬೇಡಿ. ಬಸವನಹುಳು ಕೊಲ್ಲಲೆಂದು ಕಳ್ಳಿ ಹಾಲನ್ನಂತೂ ಮುಟ್ಟಲೇಬೇಡಿ, ಕಣ್ಣಿಗೆ ಸಿಡಿದರೆ ತುಂಬಾ ಅಪಾಯ.

ಎಂಡೋಡ್ ಕೂಡ ಬಸವನಹುಳುವನ್ನು ಕೊಲ್ಲುವ ಪ್ರಮಾಣದಲ್ಲಿ ಅದರ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆಯೊಡೆದು ಮರಿ ಹೊರಬಂದರೆ ಮದ್ದನ್ನು ಮತ್ತೆ ಹಾಕಬೇಕಾಗುತ್ತದೆ. ಹಾಗಾಗಿ ಚಿಕ್ಕ ಕಾಲುವೆಯಾದರೆ ಮದ್ದಿಗಿಂತ ನೀರು ಬಸಿದು ಒಣಗಿಸುವುದೇ ಮೇಲು ಎನ್ನುತ್ತೇನೆ ನಾನು. ಬಸಿಯಲಾಗದ ಗುಂಡಿಗೆ ಮಾತ್ರ ಅಂಟುವಾಳ. ಮೊದಲು ಒಂದು ಬಕೆಟ್‌ನಲ್ಲಿ ಅದೇ ನೀರು, ಅದೇ ಬಸವನಹುಳು ಹಾಕಿ ಎಷ್ಟು ಪುಡಿ ಬೇಕಾಗುತ್ತದೆ ನೋಡಿಕೊಳ್ಳಿ. ದನ ಕುಡಿಯುವ ನೀರಿಗೆ ಬೇಡ.

ನೀರಂಚಿನ ಹಸಿ ಹುಲ್ಲು ಕೊಯ್ದು ತಂದು ಹಾಕುವುದನ್ನು ನಿಲ್ಲಿಸಿ. ಹುಲ್ಲನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದರೆ ಅದಕ್ಕೆ ಅಂಟಿದ ಮರಿಗಳು ಹೆಚ್ಚಿನವು ಸಾಯುತ್ತವೆ. ದವಡೆ ಊದಿದ ದನ ಕಂಡರೆ ಕಾಯಬೇಡಿ, ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷೆ ಮಾಡಿಸಿ. ಕೆಲವು ಔಷಧಿ ದೊಡ್ಡ ಹುಳುವನ್ನು ಮಾತ್ರ ಕೊಲ್ಲುತ್ತದೆ, ಕೆಲವು ಮರಿಯನ್ನೂ ಕೊಲ್ಲುತ್ತದೆ. ಯಾವುದು, ಯಾವಾಗ ಎಂದು ವೈದ್ಯರನ್ನು ಕೇಳಿಯೇ ಕೊಡಿ.