ಆ ಬಾವುಟ ಹಳೆಯದೇ ಅಲ್ಲ

"ಬಾವುಟ ಇಳಿಸಿದರೆ ಇತಿಹಾಸ ಅಳಿಸಿದ ಹಾಗೆ ಅಲ್ವಾ?" ಅಮೆರಿಕದ ಕಾನ್ಫೆಡರೇಟ್ ಬಾವುಟದ ಮಾತು ಬಂದಾಗಲೆಲ್ಲ ಜನ ಇದನ್ನೇ ಕೇಳುತ್ತಾರೆ. ಅಮೆರಿಕದ ಒಕ್ಕೂಟ ಬಿಟ್ಟು ಅಂತರ್ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಕೂಟವೇ ಕಾನ್ಫೆಡರೇಟ್, ಅವರ ಸೈನ್ಯದ ಬಾವುಟ ಇದು. ಮ್ಯೂಸಿಯಂಗಳಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವುದು ನನ್ನ ಕೆಲಸ. ಹಾಗಾಗಿ ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಬಾವುಟ? ಅದು ಎಷ್ಟು ಹಳೆಯದು?

ಸೌತ್ ಕ್ಯಾರೊಲಿನಾವನ್ನೇ ನೋಡಿ. ಗುಲಾಮಗಿರಿ ಉಳಿಸಿಕೊಳ್ಳಲು 1860ರ ಡಿಸೆಂಬರಿನಲ್ಲಿ ಮೊದಲು ಒಕ್ಕೂಟ ಬಿಟ್ಟ ರಾಜ್ಯ ಅದು. ಯುದ್ಧ 1865ರಲ್ಲಿ ಮುಗಿಯಿತು. ಆದರೆ ಕೆಂಪು ಬಟ್ಟೆಯ ಮೇಲೆ ಕತ್ತರಿಯಾಕಾರದ ನೀಲಿ ಪಟ್ಟಿ, ಅದರೊಳಗೆ ನಕ್ಷತ್ರಗಳಿರುವ ಆ ಬಾವುಟ ರಾಜ್ಯದ ರಾಜಧಾನಿ ಕೊಲಂಬಿಯಾದ ಶಾಸನಸಭೆಯ ಗುಮ್ಮಟ ಏರಿದ್ದು 1961ರಲ್ಲಿ! ಯುದ್ಧಕ್ಕೆ ನೂರು ವರ್ಷವಾಯಿತು ಎಂಬುದು ಕಾರಣ. ಕಪ್ಪು ಜನ ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ಕಾಲವೂ ಅದೇ. ಅದನ್ನು ಹಾರಿಸಬೇಕೆಂದು ಮರುವರ್ಷ ಶಾಸನಸಭೆ ನಿರ್ಣಯ ಮಾಡಿತು. ಯಾವಾಗ ಇಳಿಸಬೇಕು ಅಂತ ಮಾತ್ರ ಬರೆಯಲಿಲ್ಲ. 2000ದಲ್ಲಿ ರಾಜಿಯಾಗಿ, ಗುಮ್ಮಟದಿಂದ ಇಳಿದ ಬಾವುಟ ಎದುರಿನ ಸೈನಿಕರ ಸ್ಮಾರಕದ ಹತ್ತಿರದ ಕಂಬಕ್ಕೆ ಬಂತು.

ಬಿಸಿಲು, ಗಾಳಿ, ಮಳೆಗೆ ಒಡ್ಡಿದ ಬಾವುಟ ಜಾಸ್ತಿ ದಿನ ಬಾಳುವುದಿಲ್ಲ. ಬಣ್ಣ ಹೋಗುತ್ತದೆ, ಅಂಚು ಚಿಂದಿಯಾಗುತ್ತದೆ, ಹೊಸದನ್ನು ತಂದು ಕಟ್ಟಬೇಕು. ಅಲ್ಲಿ ಹಾರುತ್ತಿದ್ದದ್ದು ಕಾರ್ಖಾನೆಯಲ್ಲಿ ತಯಾರಾದ ನೈಲಾನ್ ಬಟ್ಟೆ. ಯುದ್ಧ ಕಂಡ ನಿಜವಾದ ಬಾವುಟಗಳು ಅದೇ ಊರಿನ ಕಾನ್ಫೆಡರೇಟ್ ರೆಲಿಕ್ ರೂಮ್ ಮ್ಯೂಸಿಯಂನಲ್ಲಿ ಆಗಲೂ ಇದ್ದವು. ಅಂದರೆ ಕಂಬದ ಮೇಲೆ ಕಾಪಾಡುತ್ತಿದ್ದದ್ದು ಹಳೆಯ ವಸ್ತುವನ್ನಲ್ಲ, ಗೌರವ ಸಲ್ಲಿಸುವ ಪದ್ಧತಿಯನ್ನು.

2015ರ ಜೂನ್ 17ರಂದು ಅದೇ ರಾಜ್ಯದ ಚಾರ್ಲ್‌ಸ್ಟನ್ ಊರಿನ ಇಮ್ಯಾನುಯೆಲ್ ಚರ್ಚಿನಲ್ಲಿ, ಬೈಬಲ್ ಓದಲು ಸೇರಿದ್ದ ಒಂಬತ್ತು ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಇದೇ ಬಾವುಟ ಹಿಡಿದು ಅವನು ಫೋಟೋ ತೆಗೆಸಿಕೊಂಡಿದ್ದ. ಶಾಸನಸಭೆಯ ಮೇಲಿದ್ದ ದೇಶದ ಬಾವುಟ, ರಾಜ್ಯದ ಬಾವುಟ ಎರಡೂ ಅರ್ಧಕ್ಕೆ ಇಳಿದವು. ಇದು ಇಳಿಯಲಿಲ್ಲ. ಆ ಕಂಬಕ್ಕೆ ರಾಟೆಯೇ ಇರಲಿಲ್ಲ. ಬಾವುಟ ಒಂದೋ ಮೇಲಿರಬೇಕು, ಇಲ್ಲವೇ ಪೂರ್ತಿ ಬಿಚ್ಚಬೇಕು. ಬಿಚ್ಚಬೇಕೆಂದರೆ ಶಾಸನಸಭೆಯಲ್ಲಿ ಮೂರನೇ ಎರಡು ಬಹುಮತ ಬೇಕು. ಸತ್ತವರಲ್ಲಿ ಒಬ್ಬರಾದ ಪಾದ್ರಿ ಕ್ಲೆಮೆಂಟಾ ಪಿಂಕ್ನಿ ರಾಜ್ಯದ ಸೆನೆಟರ್ ಕೂಡ. ಅವರ ಶವವನ್ನು ಅಂತಿಮ ದರ್ಶನಕ್ಕೆ ಅದೇ ಕಟ್ಟಡದಲ್ಲಿಟ್ಟಾಗ, ಹೊರಗಿನ ಬಾವುಟ ಕಾಣದಿರಲಿ ಅಂತ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಬೇಕಾಯಿತು. ಅದು ನಿರುಪದ್ರವಿ ನೆನಪಷ್ಟೇ ಎನ್ನುವವರಿಗೆ ನಾನು ತೋರಿಸುವುದು ಆ ಕಿಟಕಿಯನ್ನು.

ಜುಲೈ 10ರಂದು ಬಾವುಟ ಇಳಿಯಿತು, ಕಂಬವನ್ನೂ ಕಿತ್ತರು. 1894ರಿಂದ ರಾಜ್ಯದ ಬಾವುಟದಲ್ಲೇ ಈ ಚಿಹ್ನೆ ಇಟ್ಟುಕೊಂಡಿದ್ದ ಮಿಸಿಸಿಪ್ಪಿ 2020ರಲ್ಲಿ ಅದನ್ನು ಕೈಬಿಟ್ಟಿತು. ಯಾರಾದರೂ ತಮ್ಮ ಮನೆಯ ಮೇಲೆ ಕಟ್ಟಿಕೊಂಡರೆ ಅಲ್ಲಿನ ಸಂವಿಧಾನ ತಡೆಯುವುದಿಲ್ಲ, ತಡೆಯಲೂಬಾರದು. ಸರ್ಕಾರದ ಕಂಬ ಬೇರೆ. ಅದು ಎಲ್ಲರ ಪರವಾಗಿ ಮಾತಾಡುತ್ತದೆ.

ಹಾಗಾದರೆ ಮುಚ್ಚಿಡಬೇಕಾ? ಖಂಡಿತ ಬೇಡ. ಮ್ಯೂಸಿಯಂನಲ್ಲಿ ಹಳೆಯ ಬಾವುಟವನ್ನು ನಾವು ಹಾರಿಸುವುದಿಲ್ಲ. ಮೆತ್ತನೆಯ ಹಲಗೆಯ ಮೇಲೆ ಮಲಗಿಸುತ್ತೇವೆ. ಹಳೆ ರೇಷ್ಮೆ ಮಡಿಕೆಯಲ್ಲೇ ಬಿರಿಯುತ್ತದೆ, ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ದಾಟುವ ಹಾಗಿಲ್ಲ. ನೋಡುವವರು ತಲೆಯೆತ್ತಿ ಅಲ್ಲ, ಬಗ್ಗಿ ನೋಡುತ್ತಾರೆ. ಹೊಲಿಗೆ, ತೇಪೆ, ಕಲೆ ಎಲ್ಲ ಕಾಣುತ್ತದೆ. ಅದನ್ನು ಹೊತ್ತು ಸತ್ತ ಹುಡುಗನ ಮನೆಯವರ ದುಃಖಕ್ಕೂ ಅಲ್ಲಿ ಜಾಗವಿದೆ.

ಜಗಳವಾಗುವುದು ಪಕ್ಕದ ವಿವರಣೆಯ ಬಗ್ಗೆ. "ವಿವಾದಾತ್ಮಕ ಚಿಹ್ನೆ" ಅಂತ ಬರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಒಕ್ಕೂಟ ಬಿಡುವಾಗ ಗುಲಾಮಗಿರಿಯೇ ಕಾರಣವೆಂದು ಆ ರಾಜ್ಯ ತನ್ನ ಘೋಷಣೆಯಲ್ಲೇ ಹೇಳಿತ್ತು. ಫಲಕದಲ್ಲಿ ಅದಿರಬೇಕು. 1961ನೇ ಇಸವಿಯೂ ಇರಬೇಕು. ಕೊಲಂಬಿಯಾದ ಆ ನೈಲಾನ್ ಬಾವುಟಕ್ಕಾದರೆ ಚಾರ್ಲ್‌ಸ್ಟನ್‌ನ ಒಂಬತ್ತು ಹೆಸರುಗಳನ್ನೂ ಬರೆಯಬೇಕು.