ಸೆಸಿಲ್ ಮನೆತನ: ಅಧಿಕಾರ ಕೈ ಬದಲಾಗುವಾಗಲೆಲ್ಲ ಹಾಜರು

ಬ್ರಿಟನ್ನಿನ ಇತಿಹಾಸದಲ್ಲಿ ‘ಸಾಲ್ಸ್‌ಬರಿ’ ಎಂಬ ಹೆಸರು 1605ರಲ್ಲೂ ಸಿಗುತ್ತದೆ, 1885ರಲ್ಲೂ, 1957ರಲ್ಲೂ ಸಿಗುತ್ತದೆ. ವ್ಯಕ್ತಿಗಳು ಬೇರೆ, ಮನೆತನ ಒಂದೇ: ಸೆಸಿಲ್. ಇವರ ಇಸವಿಗಳನ್ನು ಸುಮ್ಮನೆ ಉರು ಹೊಡೆಯುವ ಬದಲು ಒಂದು ಎಳೆ ಹಿಡಿದು ಓದಿ: ಗದ್ದುಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಹೊತ್ತಿಗೆ ಒಬ್ಬ ಸೆಸಿಲ್ ಪಕ್ಕದಲ್ಲೇ ನಿಂತಿರುತ್ತಾನೆ.

ಮೊದಲಿಗ ವಿಲಿಯಂ ಸೆಸಿಲ್ (1520–1598). ಕತ್ತಿ ಹಿಡಿದು ಮೇಲೆ ಬಂದವನಲ್ಲ, ಕಾಗದಪತ್ರ ನೋಡಿಕೊಂಡು ಬಂದವನು. ಪ್ರಾಟೆಸ್ಟಂಟ್ ದೊರೆ ಆರನೇ ಎಡ್ವರ್ಡನಿಗೆ ಕಾರ್ಯದರ್ಶಿಯಾಗಿದ್ದ. ಕ್ಯಾಥೊಲಿಕ್ ರಾಣಿ ಮೇರಿ ಬಂದಾಗ ತುಟಿ ಪಿಟಕ್ಕೆನ್ನದೆ ಅವಳ ಪದ್ಧತಿಯ ಪೂಜೆಗೂ ಹೋದ. 1558ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಕೂಡಲೇ ಆಕೆಯ ಪ್ರಧಾನ ಕಾರ್ಯದರ್ಶಿಯಾದ. 1571ರಲ್ಲಿ ಲಾರ್ಡ್ ಬರ್ಲಿ, ಮರುವರ್ಷ ಖಜಾನೆಯ ಮುಖ್ಯಸ್ಥ. ಸಾಯುವವರೆಗೂ ಆ ಕುರ್ಚಿ ಬಿಡಲಿಲ್ಲ.

ಮಗ ರಾಬರ್ಟ್ ಅಪ್ಪನನ್ನು ಮೀರಿಸಿದ ಎಂದೇ ನನ್ನ ಅನಿಸಿಕೆ. ಎಲಿಜಬೆತ್‌ಗೆ ಮಕ್ಕಳಿಲ್ಲ, ಉತ್ತರಾಧಿಕಾರಿಯ ಮಾತೆತ್ತುವುದೂ ಆಕೆಗೆ ಆಗದು. ರಾಬರ್ಟ್ ಮಾತ್ರ ರಾಣಿಗೆ ಗೊತ್ತಾಗದಂತೆ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಜೊತೆ ಗುಟ್ಟಾಗಿ ಪತ್ರ ನಡೆಸುತ್ತಿದ್ದ. ಹೆಸರುಗಳ ಜಾಗದಲ್ಲಿ ಅಂಕಿಗಳು. 1603ರಲ್ಲಿ ರಾಣಿ ತೀರಿಕೊಂಡಾಗ ರಕ್ತ ಹರಿಯದೆ ಜೇಮ್ಸ್ ಲಂಡನ್ನಿಗೆ ಬಂದ. ಗಿಡ್ಡ ಮೈಕಟ್ಟಿನ ಈ ಮಂತ್ರಿಯನ್ನು ಹೊಸ ದೊರೆ ‘ನನ್ನ ಪುಟ್ಟ ಬೀಗಲ್’ ಎಂದು ಬೇಟೆನಾಯಿಯ ಹೆಸರಿನಿಂದ ಕರೆಯುತ್ತಿದ್ದ. 1605ರಲ್ಲಿ ರಾಬರ್ಟ್ ಸಾಲ್ಸ್‌ಬರಿಯ ಅರ್ಲ್ (ಒಂದು ಕುಲೀನ ಪದವಿ) ಆದ, ಅಣ್ಣ ಥಾಮಸ್ ಎಕ್ಸೆಟರ್‌ನ ಅರ್ಲ್. ಅದೂ ಒಂದೇ ದಿನ. ಕವಲು ಇಲ್ಲೇ ಒಡೆಯುತ್ತದೆ: ಬರ್ಲಿ ಹೌಸ್ ಎಂಬ ಬಂಗಲೆ ಅಣ್ಣನ ಕಡೆಗೆ, ಹ್ಯಾಟ್‌ಫೀಲ್ಡ್ ಬಂಗಲೆ ತಮ್ಮನ ಕಡೆಗೆ.

ಮುಂದಿನ ಎರಡು ಶತಮಾನಗಳನ್ನು ಧೈರ್ಯವಾಗಿ ಹಾರಿಸಬಹುದು. 1789ರಲ್ಲಿ ಅರ್ಲ್‌ನಿಂದ ಮಾರ್ಕ್ವೆಸ್‌ಗೆ ಬಡ್ತಿ ಸಿಕ್ಕಿತು, ಅಷ್ಟೇ.

ಮೂರನೇ ಮಾರ್ಕ್ವೆಸ್ (1830–1903) ವಿಷಯದಲ್ಲಿ ಎಚ್ಚರ. ಲಾರ್ಡ್ ರಾಬರ್ಟ್ ಸೆಸಿಲ್, ವೈಕೌಂಟ್ ಕ್ರ್ಯಾನ್‌ಬೋರ್ನ್, ಲಾರ್ಡ್ ಸಾಲ್ಸ್‌ಬರಿ ಮೂವರಲ್ಲ, ಒಬ್ಬನೇ. ಕಿರಿಮಗನಾಗಿದ್ದಾಗ ಮೊದಲನೆಯದು, 1865ರಲ್ಲಿ ಅಣ್ಣ ತೀರಿ ವಾರಸುದಾರನಾದಾಗ ಎರಡನೆಯದು, 1868ರಲ್ಲಿ ಅಪ್ಪ ತೀರಿದಾಗ ಮೂರನೆಯದು. ಮೊದಲೆರಡು ಬರೀ ಮರ್ಯಾದೆಯ ಹೆಸರುಗಳಾದ್ದರಿಂದ ಆತ ಕೆಳಮನೆಯಲ್ಲಿ ಕೂರಬಹುದಿತ್ತು. 1853ರಲ್ಲಿ ಸ್ಟ್ಯಾಮ್‌ಫರ್ಡ್‌ನಿಂದ ಅವಿರೋಧವಾಗಿ ಗೆದ್ದ. ಯಾಕೆ ಎದುರಾಳಿ ಇರಲಿಲ್ಲ? ಆ ಊರು ಎಕ್ಸೆಟರ್ ಕವಲಿನ ದಾಯಾದಿಗಳ ಹಿಡಿತದಲ್ಲಿತ್ತು. ಅಪ್ಪನಿಗೆ ಒಪ್ಪಿಗೆಯಿಲ್ಲದ ಮದುವೆಯಾಗಿ ಕೈ ಬಿಗಿಯಾದಾಗ ಪತ್ರಿಕೆಗಳಿಗೆ ಬರೆದು ಸಂಸಾರ ತೂಗಿಸಿದ ದೊರೆಮಗ ಈತ.

ನಮಗೆ ಮುಖ್ಯವಾಗುವುದು ಭಾರತದ ಸಂಬಂಧ. 1866ರ ಜುಲೈನಲ್ಲಿ ಭಾರತ ಮಂತ್ರಿಯಾದ. ಒಡಿಶಾದಲ್ಲಿ ಬರ ಬಿದ್ದಿತ್ತು. ಅಧಿಕಾರಿಗಳ ಸಮಾಧಾನದ ಮಾತು ನಂಬಿ ಎರಡು ತಿಂಗಳು ಕೈಕಟ್ಟಿ ಕೂತ. ಸುಮಾರು 10 ಲಕ್ಷ ಜನ ಸತ್ತರು. ಆ ಕೊರಗು ಕೊನೆವರೆಗೂ ಕಾಡಿತು ಎನ್ನುತ್ತಾರೆ. ಆದರೆ 1876ರ ದೊಡ್ಡ ಬರ ಮೈಸೂರು, ಬಳ್ಳಾರಿಗಳನ್ನು ಬಡಿದಾಗಲೂ ಆ ಖಾತೆಯಲ್ಲಿದ್ದವನು ಇವನೇ! ಕೊರಗಿನಿಂದ ನೀತಿ ಬದಲಾಗಲಿಲ್ಲ. 1888ರಲ್ಲಿ ಪ್ರಧಾನಿಯಾಗಿದ್ದಾಗ ದಾದಾಭಾಯಿ ನವರೋಜಿಯವರನ್ನು ‘ಕರಿಯ’ ಎಂದು ಕರೆದು, ಇಂಥವರನ್ನು ಬ್ರಿಟಿಷ್ ಮತದಾರರು ಆರಿಸುವುದು ಅನುಮಾನ ಎಂದ. 1892ರಲ್ಲಿ ಫಿನ್ಸ್‌ಬರಿ ಸೆಂಟ್ರಲ್ ಮತದಾರರು ನವರೋಜಿಯವರನ್ನು ಗೆಲ್ಲಿಸಿ ಕಳಿಸಿದರು.

ಮೂರು ಸಲ ಪ್ರಧಾನಿ, ಒಟ್ಟು 13 ವರ್ಷಕ್ಕೂ ಮಿಗಿಲು. 1900ರ ಹೊತ್ತಿಗೆ ಅಳಿಯ, ಮಗ, ಸೋದರಳಿಯಂದಿರೆಲ್ಲ ಸರ್ಕಾರದಲ್ಲಿ ತುಂಬಿಕೊಂಡಾಗ ಜನ ಅದನ್ನು ಲಂಡನ್ನಿನ ದೊಡ್ಡ ಹೋಟೆಲೊಂದರ ಹೆಸರಿನಲ್ಲಿ ‘ಹೋಟೆಲ್ ಸೆಸಿಲ್’ ಎಂದು ಆಡಿಕೊಂಡರು. 1902ರಲ್ಲಿ ಪಟ್ಟ ಹೋದದ್ದು ಅಕ್ಕ ಬ್ಲಾಂಚ್‌ಳ ಮಗ ಆರ್ಥರ್ ಬಾಲ್ಫರ್‌ಗೆ.

ಐದನೇ ಮಾರ್ಕ್ವೆಸ್‌ಗೆ ಎರಡು ಇಸವಿ ಸಾಕು. 1945ರಲ್ಲಿ ಲೇಬರ್ ಪಕ್ಷ ಭಾರಿ ಬಹುಮತದಿಂದ ಬಂತು. ಮೇಲ್ಮನೆ ಮಾತ್ರ ಕನ್ಸರ್ವೇಟಿವ್‌ಗಳ ಕೋಟೆ, ಅಲ್ಲಿ ಅವರ ನಾಯಕ ಇವರೇ. ಚುನಾವಣಾ ಪ್ರಣಾಳಿಕೆಯಲ್ಲಿ ಹೇಳಿದ ಮಸೂದೆಯನ್ನು ಮೇಲ್ಮನೆ ಎರಡನೇ ಓದಿನಲ್ಲಿ (ಮಸೂದೆಯ ಮೂಲ ಆಶಯ ಚರ್ಚೆಯಾಗುವ ಹಂತ) ಬೀಳಿಸಬಾರದು ಎಂಬ ‘ಸಾಲ್ಸ್‌ಬರಿ ಸಂಪ್ರದಾಯ’ ಆಗ ಬೇರೂರಿತು. ಇದು ಬರೀ ರೂಢಿ. ಮೇಲ್ಮನೆಯ ತಡೆಯಧಿಕಾರವನ್ನು ಕಾನೂನಿನಿಂದಲೇ ಮೊಟಕು ಮಾಡಿದ 1911ರ ಪಾರ್ಲಿಮೆಂಟ್ ಕಾಯ್ದೆಯೊಂದಿಗೆ ಬೆರೆಸಬೇಡಿ. 1957ರಲ್ಲಿ ಪ್ರಧಾನಿ ಈಡನ್ ರಾಜೀನಾಮೆ ಕೊಟ್ಟಾಗ ಮಂತ್ರಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಮುಂದಿನ ಪ್ರಧಾನಿ ರ್ಯಾಬ್ ಬಟ್ಲರೋ ಹ್ಯಾರಲ್ಡ್ ಮ್ಯಾಕ್‌ಮಿಲನ್ನೋ ಎಂದು ಕೇಳಿದವರು ಇವರೇ. ‘ರ’ಕಾರ ನಾಲಿಗೆಗೆ ಹೊರಳದೆ ‘ವ್ಯಾಬ್ ಆರ್ ಹ್ಯಾವಲ್ಡ್?’ ಎಂದರಂತೆ.

1998ರಲ್ಲಿ ವಂಶಪಾರಂಪರ್ಯ ಸದಸ್ಯರನ್ನೆಲ್ಲ ಮೇಲ್ಮನೆಯಿಂದ ಹೊರಹಾಕಲು ಬ್ಲೇರ್ ಸರ್ಕಾರ ಹೊರಟಿತ್ತು. ಅಲ್ಲಿ ಕನ್ಸರ್ವೇಟಿವ್ ನಾಯಕರಾಗಿದ್ದ ಈಗಿನ ಮಾರ್ಕ್ವೆಸ್, ಪಕ್ಷದ ಮುಖ್ಯಸ್ಥ ವಿಲಿಯಂ ಹೇಗ್‌ರನ್ನು ಬದಿಗಿಟ್ಟು ಸರ್ಕಾರದ ಜೊತೆ ಒಳಗೊಳಗೇ ಮಾತು ಮುಗಿಸಿದರು. ಇದಕ್ಕಾಗಿ ಹೇಗ್, ಈ ಮಾರ್ಕ್ವೆಸ್‌ರನ್ನು ಹುದ್ದೆಯಿಂದ ಕಿತ್ತುಹಾಕಿದರು. ಒಪ್ಪಂದಕ್ಕೆ ಏನೂ ಆಗಲಿಲ್ಲ: 1999ರ ಕಾಯ್ದೆ 92 ಮಂದಿಯನ್ನು ಮೇಲ್ಮನೆಯಲ್ಲೇ ಉಳಿಸಿತು.